ಹೊರಗಿನ ಲೋಕವೂ ನಮ್ಮ ಹೊಲದ ನೀರೂ

ಲೋಕದ ದೊಡ್ಡ ವ್ಯವಹಾರಗಳು ಬೇರೆ, ಹಳ್ಳಿಯ ಬಾಳು ಬೇರೆ ಎಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿರುವುದು. ಯಂತ್ರಗಳ ವಿಚಾರವು ಬೆಂಗಳೂರಿನವರಿಗೆ, ರಾಜ್ಯರಾಜ್ಯಗಳ ವ್ಯಾಜ್ಯವು ದೆಹಲಿಯವರಿಗೆ, ಹವೆಯು ಕೆಡುತ್ತಿರುವ ವಿಚಾರವು ದೂರದೇಶದ ಪಂಡಿತರಿಗೆ. ನಮಗಾದರೋ ಮಳೆ ಬಂದರೆ ಬಿತ್ತನೆ, ಬಾರದಿದ್ದರೆ ಮುಗಿಲು ನೋಡುವುದು, ಇಷ್ಟೇ ಎಂದು ಹೇಳುವವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಈ ಮಾತು ನಿಜವಲ್ಲವೆಂಬುದನ್ನು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯನ್ನೂ ಅದರ ಸುತ್ತಣ ಸೀಮೆಯನ್ನೂ ಮುಂದಿಟ್ಟುಕೊಂಡು ಈ ಸಂಚಿಕೆಯ ವಾಚಕರಲ್ಲಿ, ವಿಶೇಷವಾಗಿ ವಿದ್ಯಾರ್ಥಿನಿಯರಲ್ಲಿ, ಅರಿಕೆ ಮಾಡಿಕೊಳ್ಳಬೇಕೆಂಬುದು ನನ್ನ ಇಚ್ಛೆ.

ಬಿಂಡಿಗನವಿಲೆಯು ಕೇಶವ ದೇವಾಲಯದಿಂದಲೂ ಅಲ್ಲಿಯ ಗರುಡನಿಂದಲೂ ಹೆಸರಾದ ಊರು. ಸುತ್ತಲೂ ರಾಗಿ, ಹುರುಳಿ ಬೆಳೆಯುವ ಬೆದ್ದಲು; ನಡುನಡುವೆ ತೆಂಗಿನ ತೋಟಗಳು. ಅಲ್ಲಿಂದ ಹೊರಟು ಪಾಂಡವಪುರ, ಶ್ರೀರಂಗಪಟ್ಟಣಗಳ ಕಡೆಗೆ ಇಳಿದು ಬರುವವನಿಗೆ ಕೆಲವೇ ಗಳಿಗೆಗಳಲ್ಲಿ ಕೆಮ್ಮಣ್ಣು ಮರೆಯಾಗಿ ಕಬ್ಬು ಭತ್ತಗಳ ಹಸುರು ಎದುರಾಗುವುದು. ಒಂದೇ ಜಿಲ್ಲೆಯಲ್ಲಿ ಹೀಗೇಕೆ? ದೇವರು ಹೀಗೆ ಹಂಚಿದನೆಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಹಂಚಿದವರು ಮನುಷ್ಯರೇ ಆಗಿದ್ದಾರೆ.

೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೇಸಗೆಯಲ್ಲಿ ಹೊಳೆ ಬತ್ತಿದರೆ ಗಣಿಯ ಯಂತ್ರಗಳಿಗೆ ಶಕ್ತಿ ಸಾಲದಾಗುತ್ತಿದ್ದಿತು. ಆ ಗಣಿಗಳಿಗೆ ತಪ್ಪದೆ ಶಕ್ತಿಯನ್ನೊದಗಿಸುವುದು, ಬಯಲಿನ ರೈತರಿಗೆ ನೀರನ್ನೊದಗಿಸುವುದು, ಎಂಬ ಎರಡು ಉದ್ದೇಶಗಳಿಂದ ಕನ್ನಂಬಾಡಿಯ ಬಳಿ ಅಣೆಕಟ್ಟಿನ ಕೆಲಸವು ೧೯೧೧ರಲ್ಲಿ ಆರಂಭವಾಯಿತು. ಮದರಾಸು ಸರ್ಕಾರದೊಡನೆ ನಡೆದ ದೀರ್ಘ ವಿವಾದವು ೧೯೨೪ರ ಒಡಂಬಡಿಕೆಯಲ್ಲಿ ಒಂದು ನಿಲುಗಡೆಗೆ ಬಂದಿತು. ಬಳಿಕ ಇರ್ವಿನ್ ನಾಲೆಯು, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯು, ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬಯಲಿಗೆ ನೀರನ್ನು ತಂದಿತು. ನೀರೇನೋ ಬಂದಿತು, ಕಬ್ಬಿಗೆ ಬೆಲೆ ಎಲ್ಲಿಂದ ಬರಬೇಕು? ಆಗ ಹಿಂದೂದೇಶದ ಪೇಟೆಗಳಲ್ಲಿ ಜಾವಾ ದ್ವೀಪದ ಸಕ್ಕರೆಯೇ ತುಂಬಿದ್ದಿತು. ೧೯೩೨ರಲ್ಲಿ ಸಕ್ಕರೆ ಕೈಗಾರಿಕೆಗೆ ರಕ್ಷಣೆ ಕೊಡುವ ಶಾಸನವಾಗಿ ಹೊರಗಿನ ಸಕ್ಕರೆಗೆ ಸುಂಕ ಬಿದ್ದ ಮೇಲೆ, ೧೯೩೩ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ತಲೆಯೆತ್ತಿತು. ಕೋಲಾರದ ಚಿನ್ನ, ಜಾವಾದ ಸಕ್ಕರೆ, ದೆಹಲಿಯ ಸುಂಕ, ಈ ಮೂರೂ ಕೂಡಿ ಮಂಡ್ಯದ ರೈತನ ಹೊಲದಲ್ಲಿ ಏನು ಬೆಳೆಯಬೇಕೆಂಬುದನ್ನು ಗೊತ್ತುಮಾಡಿದವು. ಚಿನ್ನದ ಗಣಿಯು ೨೦೦೧ರಲ್ಲಿ ಮುಚ್ಚಿಹೋಯಿತು. ಅಣೆಕಟ್ಟು ನಿಂತಿದೆ, ಒಡಂಬಡಿಕೆಯ ಜಗಳವೂ ನಿಂತಿದೆ.

ಬಿಂಡಿಗನವಿಲೆಯು ಈ ನಾಲೆಯ ನೀರಿಗೆ ಎಟುಕುವುದಿಲ್ಲ. ನೀರು ದಿಣ್ಣೆ ಹತ್ತದು. ೧೯೭೯ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ಅದರ ನಾಲೆಗಳು ಕೃಷ್ಣರಾಜಪೇಟೆ, ನಾಗಮಂಗಲಗಳ ಕೆಲವು ಭಾಗಗಳನ್ನು ಮುಟ್ಟಿದವು. ಆದರೆ ನಾಲೆಯ ಕೊನೆಯಲ್ಲಿರುವವರಿಗೆ ಉಳಿದುದೇ ಪಾಲು ಎಂಬುದನ್ನು ಬೇಸಾಯಗಾರರೆಲ್ಲ ಬಲ್ಲರು. ಹೀಗಾಗಿ ಜನರು ಭೂಮಿಯನ್ನು ಕೊರೆದರು. ಹಿಂದೆ ಊರ ಬಾವಿಯ ನೀರು ಎಷ್ಟು ಕೆಳಗಿಳಿಯಿತೆಂಬುದು ನೀರು ಸೇದುವ ಹೆಂಗಸಿನ ಕೈಗೇ ತಿಳಿಯುತ್ತಿದ್ದಿತು. ಹಗ್ಗಕ್ಕೆ ಇನ್ನೊಂದು ಮಾರು ಕಟ್ಟಬೇಕಾಯಿತೆಂದರೆ ಊರಿಗೇ ಎಚ್ಚರಿಕೆ. ಕೊಳವೆಬಾವಿಯೊಳಗೆ ಇಣಿಕಿ ನೋಡುವವರಾರು? ಮನೆಯ ಜಗಲಿಯ ಮೇಲೆ ಕುಳಿತು ಮೊಬೈಲಿನಿಂದಲೇ ಪಂಪನ್ನು ಚಾಲೂ ಮಾಡುವ ಅನುಕೂಲವು ಬಂದಿದೆ. ೧೦ ಅಶ್ವಶಕ್ತಿಯವರೆಗಿನ ಪಂಪುಗಳಿಗೆ ರಾಜ್ಯದಲ್ಲಿ ವಿದ್ಯುತ್ತು ಉಚಿತ. ಈ ಅನುಕೂಲಗಳನ್ನು ನಾನು ಹಳಿಯುವವನಲ್ಲ. ರಾತ್ರಿ ಹಾವಿನ ಭಯದಲ್ಲಿ ತೋಟಕ್ಕೆ ಹೋಗಿ ಗುಂಡಿಯೊತ್ತುತ್ತಿದ್ದವನಿಗೆ ಅದು ದೊಡ್ಡ ಉಪಕಾರ. ಆದರೆ ನೀರನ್ನು ಮೇಲೆತ್ತುವ ವಿದ್ಯೆಯು ಹಳ್ಳಿಗೆ ಬಂದಷ್ಟು ವೇಗದಲ್ಲಿ ನೀರನ್ನು ಅಳೆಯುವ ವಿದ್ಯೆಯು ಬರಲಿಲ್ಲ. ನಮ್ಮ ಕಷ್ಟದ ಬುಡವು ಇಲ್ಲಿಯೇ ಇರುವುದೆಂದು ನನ್ನ ಅಭಿಪ್ರಾಯ.

ಅಳತೆಗೆ ಎಷ್ಟು ಬೆಲೆಯುಂಟೆಂಬುದಕ್ಕೆ ಒಂದು ಸಂಗತಿಯನ್ನು ಹೇಳುವೆನು. ಕಾವೇರಿಯ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಫೆಬ್ರವರಿ ೧೬ರಂದು ತೀರ್ಪು ಕೊಟ್ಟಿತು. ಕರ್ನಾಟಕವು ಸಾಧಾರಣ ವರ್ಷದಲ್ಲಿ ತಮಿಳುನಾಡಿಗೆ ಬಿಡತಕ್ಕ ನೀರು ೧೯೨ ಟಿ.ಎಂ.ಸಿ.ಯಿಂದ ೧೭೭.೨೫ಕ್ಕೆ ಇಳಿಯಿತು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ನಮಗೆ ಹೆಚ್ಚಾಗಿ ದೊರೆತ ೧೪.೭೫ರಲ್ಲಿ ೪.೭೫ ಬೆಂಗಳೂರಿನ ಕುಡಿಯುವ ನೀರಿಗಾಗಿ. ಉಳಿದ ೧೦ ಬಂದುದು ಹೇಗೆ? ತಮಿಳುನಾಡಿನ ನೆಲದ ಅಡಿಯಲ್ಲಿರುವ ಅಂತರ್ಜಲವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ನ್ಯಾಯಾಧೀಶರು ಒಪ್ಪಿದುದರಿಂದ. ನೆಲದ ಕೆಳಗೆ ಕಣ್ಣಿಗೆ ಕಾಣದೆ ಇರುವ ನೀರು ದೆಹಲಿಯ ನ್ಯಾಯಪೀಠದ ಮುಂದೆ ಅಂಕೆಯಾಗಿ ನಿಂತು ಎರಡು ರಾಜ್ಯಗಳ ಪಾಲನ್ನು ಬದಲಿಸಿತು! ನಮ್ಮ ಹಳ್ಳಿಯ ನೆಲದಡಿಯಲ್ಲಿ ಎಷ್ಟಿದೆಯೆಂದು ನಮ್ಮಲ್ಲಿ ಯಾರಾದರೂ ಹೇಳಬಲ್ಲರೆ?

ಇದರ ಮೇಲೆ ಹವೆಯ ವ್ಯತ್ಯಾಸವೊಂದು ಬಂದಿದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿರಿಯರು ನಕ್ಷತ್ರಗಳನ್ನೆಣಿಸಿ ಬಿತ್ತುತ್ತಿದ್ದರು. ೨೦೨೩ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ ಬರಪೀಡಿತವೆನಿಸಿದವು. ೨೦೨೫ರಲ್ಲಾದರೋ ಜೂನ್ ತಿಂಗಳು ಮುಗಿಯುವುದರೊಳಗೇ ಕನ್ನಂಬಾಡಿಯ ಕಟ್ಟೆ ತುಂಬಿತು. ೨೦೨೧ರ ನವೆಂಬರಿನಲ್ಲಿ ಕೊಯ್ಲಿಗೆ ಬಂದ ರಾಗಿಯ ಮೇಲೆ ಮಳೆ ಸುರಿದು ತೆನೆಗಳು ಹೊಲದಲ್ಲಿಯೇ ಮೊಳೆತವು. ಗಾಳಿಯ ಶಾಖವು ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯು ನೂರಕ್ಕೆ ಸುಮಾರು ಏಳರಷ್ಟು ಹೆಚ್ಚುವುದೆಂದು ವಿಜ್ಞಾನಿಗಳು ಹೇಳುವರು. ಅದರ ಫಲವಾಗಿ ಮಳೆಯು ಬರುವಾಗ ಒಮ್ಮೆಗೇ ಸುರಿಯುವುದು, ನಡುವೆ ಬಹು ದಿನ ಮರೆಯಾಗುವುದು. ಆ ಶಾಖವನ್ನು ಹೆಚ್ಚಿಸಿದ ಹೊಗೆಯಲ್ಲಿ ನಾಗಮಂಗಲದ ರಾಗಿ ಬೆಳೆಗಾರನ ಪಾಲು ಎಷ್ಟೆಂದು ಕೇಳಿದರೆ ಉತ್ತರ ಕೊಡುವವರಿಗೇ ನಾಚಿಕೆಯಾಗಬೇಕು.

ರಾಗಿಯ ಮಾತು ಬಂದುದರಿಂದ ಅದನ್ನು ಕುರಿತು ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ನಾವು ನಮ್ಮದೇ ಎಂದು ಹೆಮ್ಮೆಪಡುವ ಈ ಧಾನ್ಯದ ತವರು ಆಫ್ರಿಕಾ ಖಂಡದ ಪೂರ್ವದ ಮಲೆಗಳು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ತಳಿಯನ್ನು ನಮ್ಮ ತಳಿಯೊಡನೆ ಕೂಡಿಸಿ ಇಂಡಾಫ್ ಎಂಬ ತಳಿಗಳನ್ನು ಕೊಟ್ಟರು. ಹೆಸರಿನಲ್ಲಿಯೇ ಎರಡು ದೇಶಸೀಮೆಗಳು ಸೇರಿಕೊಂಡಿವೆ. ಯಂತ್ರವಿಲ್ಲದ ಈ ವಿದ್ಯೆಯು, ಸದ್ದಿಲ್ಲದೆ, ಬೆದ್ದಲಿನ ಬಡವರ ಒಲೆಯ ಮೇಲೆ ಎಷ್ಟು ಮುದ್ದೆಗಳನ್ನು ಹೆಚ್ಚಿಸಿತೋ! ೨೦೨೩ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣದವರೂ ರಾಗಿಯನ್ನು ಮೆಚ್ಚಿದರು. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ನಿಲ್ಲುವ, ಕಡಿಮೆ ನೀರು ಬೇಡುವ ಈ ಬೆಳೆಯನ್ನು ಬಿಟ್ಟು ಕೊಳವೆಬಾವಿಯನ್ನು ನಂಬಿ ಅಡಕೆ ಹಾಕುವವರನ್ನು ಕಂಡಾಗ ನನಗೆ ಭಯವಾಗುತ್ತದೆ. ಅವರನ್ನು ದೂಷಿಸಲಾರೆ; ಅಡಕೆಗೆ ಹಣವುಂಟು. ಬೆದ್ದಲಿನ ಬೇಸಾಯವಾದರೂ ಹೊರಗಿನ ಹಂಗಿಲ್ಲದ್ದಲ್ಲ: ೨೦೨೨ರಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿಹೋದಾಗ ಗೊಬ್ಬರದ ಬೆಲೆಯೂ ಸೂರ್ಯಕಾಂತಿ ಎಣ್ಣೆಯ ಬೆಲೆಯೂ ಏರಿದವು.

೨೦೨೩ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ಯುವಕರು, ಬೇಸಾಯಗಾರರಿಗೆ ಹೆಣ್ಣು ಕೊಡುವವರಿಲ್ಲವೆಂದು ಮಲೆಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಪತ್ರಿಕೆಗಳನ್ನೋದಿದ ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಓದಿದ ಹೆಣ್ಣುಮಕ್ಕಳಿಗೆ ಗರ್ವ ಹೆಚ್ಚಿತೆಂದು ಹೇಳುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಮಳೆಯೂ ಬೆಲೆಯೂ ನಿಲ್ಲದ ಮನೆಯಲ್ಲಿ ನೀರು ಹೊತ್ತು ಬಾಳು ಸವೆಸಿದ ತಾಯಿಯನ್ನು ಕಂಡ ಮಗಳು ಅದೇ ಬಾಳಿಗೆ ಒಲ್ಲೆನೆಂದರೆ ಅದು ಗರ್ವವಲ್ಲ, ಲೆಕ್ಕಾಚಾರ. ನೀರನ್ನು ಹೊರುವವರು ಹೆಂಗಸರು. ನೀರಿನ ಪಾಲನ್ನು ಮಾತನಾಡಿದವರು, ೧೯೨೪ರಿಂದ ಇಲ್ಲಿಯವರೆಗೆ, ಬಹುಮಟ್ಟಿಗೆ ಗಂಡಸರು. ಊರನ್ನು ಬಿಡುವುದೋ, ಹಳೆಯ ಬಾಳನ್ನು ಸಹಿಸುವುದೋ ಎಂಬ ಎರಡೇ ದಾರಿಗಳು ಹುಡುಗಿಯರ ಮುಂದಿರುವುದು ಅನ್ಯಾಯ. ನೀರಿನ ಲೆಕ್ಕವನ್ನು ಬಲ್ಲವಳಾಗಿ ಪಂಚಾಯಿತಿಯಲ್ಲಿ ಕುಳಿತು ಮಾತನಾಡುವ ಮೂರನೆಯ ದಾರಿಯನ್ನು ಪಾಠಶಾಲೆಗಳು ತೆರೆದುಕೊಡಬೇಕು.

ಇದಕ್ಕೆ ಬೇಕಾಗುವುದು ಬಹು ಅಲ್ಪ. ರಾಜ್ಯದ ವಿಕೋಪ ನಿರ್ವಹಣಾ ಕೇಂದ್ರದವರು ಗ್ರಾಮ ಪಂಚಾಯಿತಿಗೊಂದರಂತೆ ಮಳೆಮಾಪಕಗಳನ್ನು ಇರಿಸಿದ್ದಾರೆ; ಅವರ ವರುಣಮಿತ್ರಕ್ಕೆ ಫೋನು ಮಾಡಿದರೆ ಮಳೆಯ ವಿವರ ದೊರೆಯುವುದು. ಆದರೂ ಶಾಲೆಯ ಅಂಗಳದಲ್ಲಿ ನಮ್ಮದೇ ಒಂದು ಮಾಪಕವಿರಲಿ. ಪ್ರತಿದಿನ ಬೆಳಿಗ್ಗೆ ಎಂಟೂವರೆ ಗಂಟೆಗೆ ಒಬ್ಬ ಹುಡುಗಿಯು ಅದನ್ನು ನೋಡಿ ಬರೆದಿಡಲಿ. ಇನ್ನೊಬ್ಬಳು ತಿಂಗಳಿಗೊಮ್ಮೆ ತನ್ನ ಊರಿನ ತೆರೆದ ಬಾವಿಗೆ ಹಗ್ಗ ಇಳಿಸಿ ನೀರಿನ ಮಟ್ಟವನ್ನು ಗುರುತಿಸಲಿ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮಿಗಿಲಾದ ನೀರಾಗುವುದೆಂಬುದನ್ನು ಗಣಿತದ ಪಾಠದಲ್ಲಿಯೇ ಲೆಕ್ಕಹಾಕಿ, ತಮ್ಮ ಹೊಲಕ್ಕೆ ಬಿದ್ದುದೆಷ್ಟು, ಪಂಪು ಎತ್ತಿದುದೆಷ್ಟು ಎಂದು ಮನೆಗೆ ಹೋಗಿ ತಂದೆಯನ್ನು ಕೇಳಲಿ. ಮೊದಲ ವರ್ಷ ಆತನು ನಕ್ಕು ಬಿಡಬಹುದು. ಪುಸ್ತಕವು ಹತ್ತು ವರ್ಷದ್ದಾದಾಗ, ಹೊಸದಾಗಿ ಬಾವಿ ಕೊರೆಸುವ ಮುನ್ನ ಊರಿನವರೇ ಅದನ್ನು ಕೇಳಿಕೊಂಡು ಶಾಲೆಗೆ ಬರುವರು. ಇದಕ್ಕೆ ತಗಲುವ ವೆಚ್ಚವು ಒಂದು ಮಾಪಕ, ಒಂದು ಹಗ್ಗ, ರಟ್ಟು ಕಟ್ಟಿದ ಒಂದು ನೋಟ್ ಪುಸ್ತಕ, ಇಷ್ಟು ಮಾತ್ರ. ಮುಂದಿನ ಮುಂಗಾರು ಇಳಿಯುವುದಕ್ಕೆ ಮುಂಚೆಯೇ ಆರಂಭಿಸಬಹುದು.