ಆಟದ ಬಂದೂಕಿಗೆ ಬಲ ಬಂತು, ಹಿಂದೆಯೇ ಕಾನೂನೂ ಬಂತು!

ಜಾತ್ರೆ ಬೀದಿಯಲ್ಲಿ ಪ್ಲಾಸ್ಟಿಕ್ ಪಿಸ್ತೂಲು, ಜೊತೆಗೊಂದು ಪೊಟ್ಟಣ ಹಳದಿ ಗುಂಡು ಮಾರುವುದನ್ನು ಓದುಗರು ನೋಡಿಯೇ ಇರುತ್ತೀರಿ. ಕೈಯಲ್ಲಿ ಹಿಂದಕ್ಕೆಳೆದು ಬಿಟ್ಟರೆ ಟಪ್ ಅಂತ ಗುಂಡು ಹಾರುತ್ತೆ. ಗುಂಡು ಅಂದರೆ ಮದ್ದುಗುಂಡಲ್ಲ, ಬಟಾಣಿಗಿಂತ ತುಸು ಸಣ್ಣ ಪ್ಲಾಸ್ಟಿಕ್ ಉಂಡೆ. ಬಸ್ಸಿನ ಕಿಟಕಿ ಪಕ್ಕ ಕೂತವರ ಕಿವಿಗೆ ಒಮ್ಮೊಮ್ಮೆ ಬೀಳುವುದೂ ಉಂಟು.

ಇದರ ದೊಡ್ಡಣ್ಣ ಒಂದಿದೆ. ಅದಕ್ಕೆ ಕೈಯಲ್ಲಿ ಎಳೆಯುವ ಕಷ್ಟವಿಲ್ಲ, ಬ್ಯಾಟರಿ ಹಾಕಿದರೆ ಸಾಕು. ಕುದುರೆ ಒತ್ತಿ ಹಿಡಿದರೆ ಸೆಕೆಂಡಿಗೆ ಹತ್ತು-ಹದಿನೈದು ಗುಂಡು. 'ಏರ್‌ಸಾಫ್ಟ್' ಅಂತ ಹೆಸರು. ಜಪಾನಿನ ಟೋಕಿಯೋ ಮಾರುಯಿ ಎಂಬ ಆಟಿಕೆ ಕಂಪನಿ 1991ರಲ್ಲಿ ಫ್ರೆಂಚ್ ಸೈನ್ಯದ ಫಾಮಾಸ್ ಬಂದೂಕಿನ ರೂಪದಲ್ಲಿ ಇಂಥದ್ದೊಂದನ್ನು ಹೊರತಂದಿತು. ಅಲ್ಲಿಂದ ಊರೂರಿಗೆ ಹಬ್ಬಿತು. ಮಕ್ಕಳಲ್ಲ, ದೊಡ್ಡವರೇ ಕಣ್ಣಿಗೆ ಕನ್ನಡಕ ಕಟ್ಟಿಕೊಂಡು, ಕಾಡಿನಲ್ಲಿ ಎರಡು ಪಾರ್ಟಿ ಆಗಿ ಯುದ್ಧದ ಆಟ ಆಡುತ್ತಾರೆ.

ಜಪಾನಿನ ಆಟ ಕಟ್ಟಿಕೊಂಡು ನಮಗೇನಾಗಬೇಕು ಅಂತ ಕೇಳಬಹುದು. ಸ್ವಲ್ಪ ತಾಳಿ. ಕಂಪನಿ ಕೊಟ್ಟದ್ದು ಸಾಲದು ಅಂತ ಸೈಲೆನ್ಸರು ಕಿತ್ತು ಬುಲೆಟ್ ಓಡಿಸುವ ಹುಡುಗರು ನಮ್ಮಲ್ಲಿಲ್ಲವೆ? ಹಾಗೆ ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಪೋಲೀಸರು ರೋಡ್ ರೋಲರ್ ಹತ್ತಿಸಿದ್ದನ್ನು ನೀವು ಕಂಡಿಲ್ಲವೆ? ಅದೇ ಕಥೆ, ಬೇರೆ ದೇಶ.

ಒಳಗೇನಿದೆ?

ಬಂದೂಕಿನ ಹೊಟ್ಟೆ ಬಿಚ್ಚಿದರೆ ಇರುವುದು ಒಂದು ಪುಟ್ಟ ಗೇರ್ ಬಾಕ್ಸು. ಬ್ಯಾಟರಿ ಮೋಟಾರನ್ನು ತಿರುಗಿಸುತ್ತೆ. ಮೋಟಾರು ಮೂರು ಹಲ್ಲುಚಕ್ರಗಳನ್ನು ತಿರುಗಿಸುತ್ತೆ. ಕೊನೆಯ ಚಕ್ರಕ್ಕೆ ಅರ್ಧ ಸುತ್ತು ಮಾತ್ರ ಹಲ್ಲು. ಹಲ್ಲಿರುವಷ್ಟು ಹೊತ್ತು ಅದು ಪಿಸ್ಟನ್ನನ್ನು ಹಿಂದಕ್ಕೆಳೆದು ಸ್ಪ್ರಿಂಗನ್ನು ಅದುಮುತ್ತೆ. ಹಲ್ಲು ಮುಗಿದ ಕೂಡಲೇ ಪಿಸ್ಟನ್ನು ಕೈ ಬಿಟ್ಟಂತೆ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತೆ. ಆ ಗಾಳಿ ಗುಂಡನ್ನು ತಳ್ಳುತ್ತೆ. ಸೈಕಲ್ ಪಂಪು ನೋಡಿದವರಿಗೆ ಇದು ಹೊಸ ವಿದ್ಯೆಯೇನಲ್ಲ.

ಈಗ ಆಸೆಬುರುಕ ಏನು ಮಾಡುತ್ತಾನೆ? ಮೊದಲು ಸ್ಪ್ರಿಂಗು ಬದಲಾಯಿಸುತ್ತಾನೆ. ಗಟ್ಟಿ ಸ್ಪ್ರಿಂಗು ಹಾಕಿದರೆ ಗುಂಡು ಜೋರಾಗಿ ಹೋಗುತ್ತೆ, ಸುಳ್ಳಲ್ಲ. ಆದರೆ ಆ ಸ್ಪ್ರಿಂಗನ್ನು ಎಳೆಯುವ ಮೋಟಾರು ಹಳೆಯದೇ. ಅದು ಏದುಸಿರು ಬಿಡುತ್ತೆ. ಅದಕ್ಕೆ ದೊಡ್ಡ ಮೋಟಾರು. ಮೋಟಾರಿಗೆ ಕರೆಂಟು ಸಾಲದು, ಅದಕ್ಕೆ ದೊಡ್ಡ ಲಿಥಿಯಂ ಬ್ಯಾಟರಿ. ಕರೆಂಟು ಹೆಚ್ಚಾಗಿ ಕುದುರೆಯ ಹಿಂದಿರುವ ಸ್ವಿಚ್ಚಿನ ತಾಮ್ರ ಕಿಡಿ ಹಾರಿಸಿ ಸುಟ್ಟು ಕರಿಯಾಗುತ್ತೆ. ಅದನ್ನು ಕಾಯಲು ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ಚು. ಇಷ್ಟೆಲ್ಲ ಆದಮೇಲೆ ಪಿಸ್ಟನ್ನಿನ ಪ್ಲಾಸ್ಟಿಕ್ ಹಲ್ಲು ಉದುರುತ್ತೆ. ಅದನ್ನೂ ಬದಲಾಯಿಸಿದರೆ, ಕೊನೆಗೆ ಗೇರ್ ಬಾಕ್ಸಿನ ಮುಂಭಾಗವೇ ಬಿರುಕು ಬಿಡುತ್ತೆ. ಸಿಲಿಂಡರಿನ ಮುಂದಿನ ಮೂಲೆಯಲ್ಲಿ ಬಿರುಕು ಬಿಡುವುದು ಈ ಬಾಕ್ಸುಗಳ ಹಳೇ ಕಾಯಿಲೆ. ಪಟ್ಟೆ ಹರಿಯುತ್ತೆ ಅಂತ ಗೊತ್ತಿದ್ದೂ ಹಿಟ್ಟಿನ ಗಿರಣಿಗೆ ಎರಡು ಪಟ್ಟು ಮೋಟಾರು ಕೂರಿಸಿದ ಹಾಗೆ.

ಲೆಕ್ಕ ನೋಡಿ

ಬೀಜಗಣಿತಕ್ಕೆ ಹೆದರಬೇಡಿ, ಅಂಗಡಿ ಲೆಕ್ಕವೇ ಇದು. ಗುಂಡಿನ ತೂಕ 0.20 ಗ್ರಾಂ. ಅದು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ ಒಂದು ಜೂಲ್. ಜೂಲ್ ಅಂದರೆ ನೂರು ಗ್ರಾಮಿನ ಬಟ್ಟನ್ನು ಒಂದು ಮೀಟರ್ ಮೇಲೆತ್ತುವಷ್ಟು ಶಕ್ತಿ. ವೇಗ 120 ಆದರೆ ಶಕ್ತಿ 1.44 ಜೂಲ್. 150 ಆದರೆ 2.25. ವೇಗ ಒಂದೂವರೆ ಪಟ್ಟು, ಪೆಟ್ಟು ಎರಡೂಕಾಲು ಪಟ್ಟು! ಇಲ್ಲೇ ಇರುವುದು ಮೋಸ. 'ಒಂಚೂರು ಜೋರು ಮಾಡಿದೆ ಅಷ್ಟೆ' ಅನ್ನುವವನಿಗೆ ಎಷ್ಟು ಜೋರು ಮಾಡಿದೆ ಅನ್ನುವುದು ತಿಳಿದಿರುವುದೇ ಇಲ್ಲ. ಬಟ್ಟೆಯ ಮೇಲೆ ಬಿದ್ದರೆ ಚುರುಕ್ ಅಂದು ಮುಗಿಯುತ್ತೆ. ಕಣ್ಣಿಗೆ ಬಿದ್ದರೆ ಒಂದು ಜೂಲೂ ಬೇಡ.

2005ರಲ್ಲಿ ಆದದ್ದು

ಜಪಾನಿನಲ್ಲಿ ಬಂದೂಕಿನ ಕಾನೂನು ಬಲು ಬಿಗಿ. ಆದರೆ ಆಗ ಅಲ್ಲೊಂದು ಸಂದಿ ಇತ್ತು. ನಿಜವಾದ ಏರ್‌ಗನ್ನಿಗೆ ಲೈಸೆನ್ಸು ಬೇಕು. ಅದಕ್ಕಿಂತ ಕೆಳಗಿನದೆಲ್ಲ ಆಟಿಕೆ. ಎರಡರ ನಡುವಿನ ಜಾಗಕ್ಕೆ ತಯಾರಕರು ತಾವೇ ಹಾಕಿಕೊಂಡ ಕಟ್ಟುಪಾಡು ಇತ್ತೇ ಹೊರತು ಕಾನೂನಿನ ಬಲ ಇರಲಿಲ್ಲ. ಕಂಪನಿ ಮಿತಿಯೊಳಗೆ ಮಾಡಿ ಮಾರಿದರೂ, ಕೊಂಡವನು ಮನೆಯಲ್ಲಿ ಬಿಚ್ಚಿ ಬಲ ತುಂಬಿಸಿದರೆ ಕೇಳುವವರಿಲ್ಲ. ಬಿಡಿಭಾಗಗಳು ಅಂಗಡಿಯಲ್ಲೇ ಸಿಗುತ್ತಿದ್ದವು.

2005ರಲ್ಲಿ ಹೀಗೆ ಬಲ ತುಂಬಿದ ಆಟದ ಬಂದೂಕಿನಿಂದ ಹೆದ್ದಾರಿಯಲ್ಲಿ ಓಡುವ ವಾಹನಗಳಿಗೆ ಗುಂಡು ಹಾರಿಸಿದ ಪ್ರಕರಣಗಳು ನಡೆದವು. ಓಡುವ ಕಾರಿನ ಗಾಜು ಒಡೆದರೆ ಏನಾಗುತ್ತೆ ಅಂತ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. ಸರ್ಕಾರ ಸುಮ್ಮನೆ ಕೂರಲಿಲ್ಲ. 2006ರಲ್ಲಿ ಕಾನೂನು ತಿದ್ದಿತು. ಅದೇ ವರ್ಷ ಆಗಸ್ಟ್ 21ರಿಂದ ಜಾರಿ. ಆರು ಮಿಲಿಮೀಟರ್ ಗುಂಡಿನ ಬಂದೂಕಿಗೆ ಮಿತಿ ಸುಮಾರು 0.98 ಜೂಲ್. ಮೀರಿದರೆ ಅದು ಆಟಿಕೆಯಲ್ಲ, ಇಟ್ಟುಕೊಂಡದ್ದೇ ಅಪರಾಧ. ಒಂದು ವರ್ಷದವರೆಗೆ ಜೈಲು, ಇಲ್ಲವೆ ಮೂರು ಲಕ್ಷ ಯೆನ್‌ವರೆಗೆ ದಂಡ. ಹಳೆಯದನ್ನು ಸರಿಪಡಿಸಿಕೊಳ್ಳಲು ಇಲ್ಲವೆ ಕೈಬಿಡಲು ಆರು ತಿಂಗಳು ಗಡುವು.

ಲಾಭ-ನಷ್ಟದ ಲೆಕ್ಕ ಹಾಕಿ. ಗುಂಡು ಹಾರಿಸಿದವರು ಕೆಲವೇ ಮಂದಿ. ಬೀರು ತೆಗೆದು, ಬಂದೂಕು ಬಿಚ್ಚಿ, ನನ್ನದು ಮಿತಿಯೊಳಗಿದೆಯೋ ಇಲ್ಲವೋ ಅಂತ ಬೆವರಿದವರು ಕಾಡಿನಲ್ಲಿ ಆಡಿ ತಣ್ಣಗೆ ಮನೆಗೆ ಹೋಗುತ್ತಿದ್ದ ಸಾವಿರಾರು ಜನ. ಯಾವಾಗಲೂ ಹೀಗೇ ತಾನೆ?

ಬ್ರಿಟನ್ನೂ ಕಡೆಗೆ ಇದೇ ದಾರಿ ಹಿಡಿಯಿತು. ಅಲ್ಲಿ 2017ರ ಕಾನೂನಿನಂತೆ ಒತ್ತಿ ಹಿಡಿದರೆ ಸತತ ಹಾರಿಸುವಂಥದ್ದಕ್ಕೆ 1.3 ಜೂಲ್, ಒಂದೊಂದೇ ಹಾರಿಸುವಂಥದ್ದಕ್ಕೆ 2.5 ಜೂಲ್ ಮಿತಿ. ಒಂದು ಸಾಲದು ಅಂತ ಎರಡು ಅಳತೆ!

ಹಾಗಾದರೆ ರಿಪೇರಿ ಮಾಡಲೇಬಾರದೆ?

ಮಾಡಬಹುದು. ಜಪಾನಿನವರ ಜಾಣತನ ಕಾಣುವುದು ಇಲ್ಲೇ. ಬಲಕ್ಕೆ ಬೇಲಿ ಬಿದ್ದ ಮೇಲೆ ಅವರು ಗುರಿಯ ಹಿಂದೆ ಬಿದ್ದರು. ಗಾಳಿ ಸೋರದಂತೆ ಪಿಸ್ಟನ್ನಿನ ತಲೆಯ ರಬ್ಬರ್ ಬಳೆ ಬದಲಾಯಿಸಿದರು. ಗುಂಡಿನ ದಪ್ಪ 5.95 ಮಿಲಿಮೀಟರ್, ಮಾಮೂಲಿ ನಳಿಕೆಯ ಒಳ ಅಗಲ 6.08. ಅಲ್ಲಿ 6.03ರ ನಳಿಕೆ ಹಾಕಿದರು. ನಳಿಕೆಯ ಹಿಂಬದಿಯಲ್ಲಿ ಗುಂಡಿಗೆ ಹಿಮ್ಮುಖ ಸ್ಪಿನ್ ಕೊಡುವ ಸಣ್ಣ ರಬ್ಬರ್ ಇದೆ, ಹಾಪ್-ಅಪ್ ಅಂತಾರೆ. ಸ್ಪಿನ್ ಬಿದ್ದ ಗುಂಡು ಬೇಗ ನೆಲ ಕಚ್ಚದೆ ನೆಟ್ಟಗೆ ದೂರ ಹೋಗುತ್ತೆ. ಆ ರಬ್ಬರನ್ನು ಒಳ್ಳೆಯದು ನೋಡಿ ಕೂರಿಸಿದರು. ಗೇರುಗಳ ನಡುವೆ ತೆಳು ವಾಶರು ಕೊಟ್ಟು ಸದ್ದು ಅಡಗಿಸಿದರು.

ಇದರಿಂದ ಏನಾಯ್ತು? ಸ್ಪ್ರಿಂಗು ಮುಟ್ಟದೆಯೇ ಗುಂಡು ಹೇಳಿದ ಜಾಗಕ್ಕೆ ಹೋಗಿ ಬಿತ್ತು. ಹಲ್ಲು ಉದುರಲಿಲ್ಲ, ಬಾಕ್ಸು ಬಿರಿಯಲಿಲ್ಲ. ಒಂದು ಎಚ್ಚರ ಮಾತ್ರ ಬೇಕು. ಸೋರಿಕೆ ನಿಂತಾಗ ಶಕ್ತಿಯೂ ತುಸು ಏರುತ್ತೆ. ಆದ್ದರಿಂದ ಒಂದು ರಬ್ಬರ್ ಬದಲಾಯಿಸಿದರೂ ಮತ್ತೆ ಅಳೆಯಲೇಬೇಕು.

ಅಳೆಯುವುದು ಹೇಗೆ? ಅದಕ್ಕೊಂದು ವೇಗಮಾಪಕ ಇದೆ. ನಮ್ಮ ಅಂಗಡಿಗಳ ತಕ್ಕಡಿಗೆ, ಬಟ್ಟಿಗೆ ಅಳತೆ-ತೂಕ ಇಲಾಖೆಯವರು ಬಂದು ಮುದ್ರೆ ಹಾಕುವಂತೆ, ಅಲ್ಲಿ ಮೈದಾನದ ಬಾಗಿಲಲ್ಲೇ ಬಂದೂಕನ್ನು ಮಾಪಕದ ಮುಂದೆ ಹಿಡಿದು ನೋಡುತ್ತಾರೆ. ಇಲ್ಲೂ ತೂಕದಲ್ಲಿ ಮೋಸ ಮಾಡುವವರು ಇದ್ದಾರೆ ಸ್ವಾಮಿ! 0.98 ಜೂಲಿಗೆ 0.20 ಗ್ರಾಮಿನ ಗುಂಡು 99 ಮೀಟರ್ ವೇಗದವರೆಗೆ ಹೋಗಬಹುದು. ಆದರೆ 0.25 ಗ್ರಾಮಿನದು 88 ದಾಟುವಂತಿಲ್ಲ. ವೇಗ ಮಾತ್ರ ನೋಡಿ ತೂಕ ಕೇಳದಿದ್ದರೆ ಮಾಪಕ ಇದ್ದೂ ಇಲ್ಲದ ಹಾಗೆ. ನಮ್ಮ ವ್ಯಾಪಾರಿಗಳಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ.

ನಮ್ಮ ಬೀದಿಗೆ ಬನ್ನಿ

ಜಾತ್ರೆಯ ಕೈಬಂದೂಕಿಗೂ ಈ ಬ್ಯಾಟರಿ ಬಂದೂಕಿಗೂ ಅಜಗಜಾಂತರ, ಒಪ್ಪಿದೆ. ಆದರೆ ಒಳಗಿನ ವಿದ್ಯೆ ಒಂದೇ: ಸ್ಪ್ರಿಂಗು, ಪಿಸ್ಟನ್ನು, ಗಾಳಿ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಚನ್ನಪಟ್ಟಣದ ಗೊಂಬೆಯಂಥ ಕರಕುಶಲ ಸಾಮಾನಿಗೆ ವಿನಾಯಿತಿ ಇದೆಯೇ ಹೊರತು ಪ್ಲಾಸ್ಟಿಕ್ ಪಿಸ್ತೂಲಿಗೆ ಇಲ್ಲ. ಹೋಲ್‌ಸೇಲಿನವನು ಪೆಟ್ಟಿಗೆ ಇಳಿಸುವಾಗ ಗುರುತು ಎಲ್ಲಿದೆ ಅಂತ ಅಂಗಡಿಯವರು ಒಂದು ಮಾತು ಕೇಳಬೇಕು. ನಾಳೆ ಯಾವುದೋ ಮಗುವಿನ ಕಣ್ಣಿಗೆ ಬಿದ್ದರೆ ಹೋಲ್‌ಸೇಲಿನವನು ಸಿಗುವುದಿಲ್ಲ, ಗಲ್ಲಾ ಮೇಲೆ ಕೂತವರು ಸಿಗುತ್ತಾರೆ.

ಮನೆಯಲ್ಲಿ ಹುಡುಗ ಸ್ಕ್ರೂಡ್ರೈವರ್ ಹಿಡಿದು ಬಂದೂಕಿನ ಹೊಟ್ಟೆ ಬಿಚ್ಚಿ ಕೂತಿದ್ದರೆ ಬೈಯಬೇಡಿ. ಬಿಚ್ಚಿ ನೋಡುವ ಬುದ್ಧಿ ಒಳ್ಳೆಯದೇ, ಮೆಕ್ಯಾನಿಕ್ಕುಗಳು ಹುಟ್ಟುವುದು ಹಾಗೇ. ಬಾಲ್ ಪೆನ್ನಿನ ಸ್ಪ್ರಿಂಗೋ, ಟಾರ್ಚಿನ ಸ್ಪ್ರಿಂಗೋ ಸೇರಿಸಿ ಜೋರು ಮಾಡಲು ಹೊರಟಿದ್ದರೆ ಮಾತ್ರ ಪಕ್ಕದಲ್ಲಿ ಕೂತು, ಜಪಾನಿನ ಈ ಕಥೆ ಹೇಳಿ. ಕೇಳದಿದ್ದರೆ ಹಳದಿ ಗುಂಡಿನ ಪೊಟ್ಟಣ ಎತ್ತಿ ಅಟ್ಟದ ಮೇಲಿಡಿ. ಗುಂಡಿಲ್ಲದ ಬಂದೂಕಿಗೆ ಯಾವ ದೇಶದಲ್ಲೂ ಜೂಲಿನ ಲೆಕ್ಕವಿಲ್ಲ.