ಗಂಡಸರ ದಂಡ, ಹೆಂಗಸರ ತಂಡ

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದದ್ದು ಫುಟ್‌ಬಾಲ್ ನೋಡುವ ಕನ್ನಡಿಗರಿಗೆ ಚೆನ್ನಾಗಿ ನೆನಪಿದೆ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಇಂಡಿಯನ್ ಸೂಪರ್ ಲೀಗ್ ಪ್ಲೇಆಫ್ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ ಒದ್ದರು, ಚೆಂಡು ಬಲೆಗೆ ಬಿತ್ತು, ರೆಫ್ರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಸಿಟ್ಟಿನಲ್ಲಿ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ತಂಡ ಮರಳಿ ಬರಲಿಲ್ಲ, ಪಂದ್ಯ ಬೆಂಗಳೂರಿನ ಪಾಲಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಶಿಸ್ತು ಸಮಿತಿ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು.

ಅದರ ಮುಂದಿನ ಭಾಗ ಅಷ್ಟು ಜನಕ್ಕೆ ನೆನಪಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಕೊಚ್ಚಿಯಿಂದ ಒಂದು ಪ್ರಕಟಣೆ ಬಂತು. ಫೆಡರೇಷನ್ ಹಾಕಿದ ದಂಡದಿಂದ ಹಣಕಾಸಿಗೆ ಪೆಟ್ಟು ಬಿದ್ದಿದೆ, ಆದ್ದರಿಂದ ಮಹಿಳಾ ತಂಡವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಿದ್ದೇವೆ ಎಂದು ಕೇರಳ ಬ್ಲಾಸ್ಟರ್ಸ್ ಹೇಳಿತು. ಆ ತಂಡ ಶುರುವಾಗಿ ಒಂದು ವರ್ಷವೂ ತುಂಬಿರಲಿಲ್ಲ. ಕಂಠೀರವದ ಆ ರಾತ್ರಿಗೂ ಆ ಆಟಗಾರ್ತಿಯರಿಗೂ ಯಾವ ಸಂಬಂಧವೂ ಇರಲಿಲ್ಲ. ಮೈದಾನ ಬಿಟ್ಟು ನಡೆದದ್ದು ಗಂಡಸರು, ಕೆಲಸ ಕಳೆದುಕೊಂಡದ್ದು ಹೆಂಗಸರು.

ಭಾರತದಲ್ಲಿ ಮಹಿಳಾ ಫುಟ್‌ಬಾಲ್ ಕ್ಲಬ್‌ಗಳು ಬೆಳೆಯುತ್ತಿವೆ ಎಂಬ ಮಾತು ಈಗ ಆಗಾಗ ಕೇಳಿಬರುತ್ತದೆ. ಮಾತು ಸುಳ್ಳಲ್ಲ. ಆದರೆ ಬೆಳವಣಿಗೆಯನ್ನು ಟ್ರೋಫಿಗಳಿಂದ ಮಾತ್ರ ಅಳೆದರೆ ಸಾಲದು. ಕಷ್ಟದ ವರ್ಷ ಬಂದಾಗ ಮೊದಲು ಮುಚ್ಚುವ ಬಾಗಿಲು ಯಾರದು ಎಂಬುದೂ ಅಳತೆಯ ಒಂದು ಭಾಗ.

ಕ್ಲಬ್‌ನ ಪ್ರಕಟಣೆಯಲ್ಲಿದ್ದ ‘ತಾತ್ಕಾಲಿಕ’ ಎಂಬ ಪದವನ್ನೇ ನೋಡಿ. ಕಚೇರಿಯ ಭಾಷೆಯಲ್ಲಿ ಅದೊಂದು ಸಾಂತ್ವನದ ಪದ. ಇಪ್ಪತ್ತೆರಡು ವರ್ಷದ ಆಟಗಾರ್ತಿಗೆ ಒಂದು ಸೀಸನ್ ಎಂದರೆ ಆಡುವ ಆಯುಷ್ಯದ ಹತ್ತನೆಯ ಒಂದು ಪಾಲು. ಎರಡು ಸೀಸನ್ ಹೋದರೆ ಮನೆಯವರು ಮದುವೆಯ ಮಾತೆತ್ತಿರುತ್ತಾರೆ, ಇಲ್ಲವೇ ಅವಳು ಬೇರೆ ಕೆಲಸ ಹಿಡಿದಿರುತ್ತಾಳೆ. ಕ್ಲಬ್‌ಗೆ ತಾತ್ಕಾಲಿಕವಾದದ್ದು ಅವಳಿಗೆ ಶಾಶ್ವತ.

ಇನ್ನೊಂದು ಪದ ‘ಕ್ಲಬ್’. ಬ್ಲಾಸ್ಟರ್ಸ್ ಎಂದರೆ ಗಂಡಸರ ತಂಡ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಹೆಂಗಸರ ತಂಡಕ್ಕೆ ಮಾತ್ರ ‘ಮಹಿಳಾ’ ಎಂಬ ಗುರುತು ಅಂಟಿಸಬೇಕು. ನಮ್ಮ ಪತ್ರಿಕೆಗಳಲ್ಲೂ ಅಷ್ಟೇ, ‘ಭಾರತ ತಂಡ’ ಒಂದು, ‘ಭಾರತ ಮಹಿಳಾ ತಂಡ’ ಇನ್ನೊಂದು. ಲೆಕ್ಕದ ಪುಸ್ತಕವೂ ಈ ವ್ಯಾಕರಣವನ್ನೇ ಪಾಲಿಸುತ್ತದೆ. ಗುರುತಿಲ್ಲದ ತಂಡ ಅಸಲು ಖರ್ಚು, ಗುರುತಿರುವ ತಂಡ ಮೇಲ್ಖರ್ಚು. ಕೈ ಬಿಗಿಯಾದಾಗ ಮೇಲ್ಖರ್ಚು ಕಡಿಯುತ್ತಾರೆ.

ಇದೇ ಕೇರಳದಲ್ಲಿ ಬೇರೆ ಕಥೆಯೂ ಇದೆ. ಕೋಯಿಕ್ಕೋಡಿನ ಗೋಕುಲಂ ಕೇರಳ ಎಫ್‌ಸಿ 2017ರಲ್ಲಿ ಹುಟ್ಟಿದ ಕ್ಲಬ್. ಮರುವರ್ಷವೇ ಅದು ಮಹಿಳಾ ತಂಡ ಕಟ್ಟಿತು. 2020ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಇಂಡಿಯನ್ ವುಮೆನ್ಸ್ ಲೀಗ್ ಫೈನಲ್‌ನಲ್ಲಿ ಮಣಿಪುರದ ಕ್ರಿಪ್ಸಾ ತಂಡವನ್ನು 3-2ರಿಂದ ಸೋಲಿಸಿ ಗೆದ್ದಾಗ ತಂಡದ ಕೋಚ್ ಆಗಿದ್ದವರು ಪಿ.ವಿ. ಪ್ರಿಯಾ. ಆಂಟನಿ ಆಂಡ್ರ್ಯೂಸ್ ಕೋಚ್ ಆಗಿದ್ದಾಗ 2022ರಲ್ಲಿ ಮತ್ತು 2023ರಲ್ಲಿ ತಂಡ ಮತ್ತೆ ಗೆದ್ದಿತು. 2023ರ ಫೈನಲ್‌ನಲ್ಲಿ ಸೋತದ್ದು ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ. ಆ ಸೀಸನ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ನೇಪಾಳದ ಸಬಿತ್ರಾ ಭಂಡಾರಿ ಮುಂದೆ ಫ್ರಾನ್ಸಿನ ಗ್ಯಾಂಗಾಂ ಕ್ಲಬ್ ಸೇರಿದರು. 2021ರಲ್ಲಿ ಜೋರ್ಡಾನಿನ ಅಕಾಬಾದಲ್ಲಿ ನಡೆದ ಏಷ್ಯಾದ ಕ್ಲಬ್ ಟೂರ್ನಿಯಲ್ಲಿ ಗೋಕುಲಂ ಉಜ್ಬೆಕಿಸ್ತಾನದ ಬುನ್ಯೊದ್ಕೊರ್ ತಂಡವನ್ನು 3-1ರಿಂದ ಮಣಿಸಿತು. ಅಂದರೆ ಹಣ, ತಾಳ್ಮೆ ಎರಡನ್ನೂ ಹಾಕಿದರೆ ಕೆಲವೇ ವರ್ಷಗಳಲ್ಲಿ ತಂಡ ಎದ್ದು ನಿಲ್ಲುತ್ತದೆ.

ಆದರೆ ಎದ್ದು ನಿಂತ ತಂಡವನ್ನೂ ಹೇಗೆ ಕೆಡವಬಹುದು ಎಂಬುದಕ್ಕೆ 2022ರ ಆಗಸ್ಟ್ ಸಾಕ್ಷಿ. ಏಷ್ಯಾದ ಕ್ಲಬ್ ಟೂರ್ನಿಗಾಗಿ ಗೋಕುಲಂ ಆಟಗಾರ್ತಿಯರು ತಾಷ್ಕೆಂಟಿಗೆ ಹೋದರು. ಅವರು ಅಲ್ಲಿ ಇಳಿಯುವ ಹೊತ್ತಿಗೆ ಫಿಫಾ ಭಾರತದ ಫೆಡರೇಷನ್ ಅನ್ನು ಅಮಾನತು ಮಾಡಿತ್ತು. ಚುನಾವಣೆ ನಡೆಸದೆ ಕುರ್ಚಿ ಹಿಡಿದು ಕೂತವರು, ಅವರನ್ನು ಇಳಿಸಲು ಬಂದ ಆಡಳಿತಗಾರರ ಸಮಿತಿ, ಅದನ್ನು ಹೊರಗಿನವರ ಹಸ್ತಕ್ಷೇಪ ಎಂದ ಫಿಫಾ, ಇವರ ಜಗಳದಲ್ಲಿ ಆಟಗಾರ್ತಿಯರ ಪಾತ್ರ ಏನೂ ಇರಲಿಲ್ಲ. ಹೋಟೆಲ್‌ನಲ್ಲಿ ಕಾದರು, ಪ್ರಧಾನಿಗೆ ಮೊರೆಯಿಟ್ಟರು, ಆಡದೆ ವಾಪಸಾದರು. ಅವರ ಮೊದಲ ಪಂದ್ಯ ಇದ್ದದ್ದು ಆಗಸ್ಟ್ 23ಕ್ಕೆ. ಅಮಾನತು ತೆರವಾದದ್ದು 26ಕ್ಕೆ. ಅದೇ ವಾರ, ಆಗಸ್ಟ್ 18ರಂದು, ಗೋಕುಲಂನಿಂದ ಸೈಪ್ರಸ್‌ನ ಅಪೊಲೊನ್ ಕ್ಲಬ್‌ಗೆ ಹೋಗಿದ್ದ ಮನೀಷಾ ಕಲ್ಯಾಣ್ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದರು. ದೇಶ ಬಿಟ್ಟವಳಿಗೆ ಆಟ ಸಿಕ್ಕಿತು, ದೇಶದ ಹೆಸರಲ್ಲಿ ಹೋದವರಿಗೆ ಸಿಗಲಿಲ್ಲ.

ಕೊಚ್ಚಿ ಮತ್ತು ತಾಷ್ಕೆಂಟ್, ಎರಡೂ ಕಡೆ ತಪ್ಪು ಒಬ್ಬರದು, ದಂಡ ಇನ್ನೊಬ್ಬರದು. ಇದನ್ನು ದುರದೃಷ್ಟ ಎಂದು ಬಿಡುವಂತಿಲ್ಲ. ತಂಡಕ್ಕೆ ತನ್ನದೇ ಆದ ನೆಲೆ ಇಲ್ಲದಿದ್ದರೆ ಆಗುವುದೇ ಹೀಗೆ.

ಇದಕ್ಕೆ ಒಂದು ಗಟ್ಟಿ ಉತ್ತರವಿದೆ. ಮಹಿಳಾ ತಂಡದಿಂದ ಬರುವ ಆದಾಯ ಬಹಳ ಕಡಿಮೆ, ಗಂಡಸರ ಪಂದ್ಯದ ಟಿಕೆಟ್ ಮತ್ತು ಜಾಹೀರಾತಿನ ಹಣದಿಂದಲೇ ಅದನ್ನು ಸಾಕಬೇಕು, ಹಾಗಿರುವಾಗ ಹಣ ಕಡಿಮೆಯಾದರೆ ಮತ್ತೆಲ್ಲಿ ಕಡಿಯಬೇಕು ಎಂದು ಕ್ಲಬ್ ಮಾಲೀಕರು ಕೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಇವತ್ತಿನ ಲೆಕ್ಕ ಹಾಗೇ ಇದೆ. ಗೋಕುಲಂ ಬೆಳೆದದ್ದೂ ಒಂದು ಚಿಟ್ ಫಂಡ್ ಸಮೂಹದ ಆಸರೆಯಲ್ಲಿ, ನೋಡುಗರ ದುಡ್ಡಿನಲ್ಲಲ್ಲ.

ಆದರೆ ಇವತ್ತಿನ ಲೆಕ್ಕಕ್ಕೆ ನಿನ್ನೆಯ ಇತಿಹಾಸವೂ ಇದೆ. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್, ಕೆರ್ ಕಾರ್ಖಾನೆಯ ಹೆಣ್ಣುಮಕ್ಕಳ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡುವುದನ್ನೇ ನಿಷೇಧಿಸಿತು. ಅರ್ಧ ಶತಮಾನ ಆ ನಿಷೇಧ ಉಳಿಯಿತು. ಆಮೇಲೆ ಹೆಂಗಸರ ಆಟಕ್ಕೆ ಜನ ಬರುವುದಿಲ್ಲ ಎಂದರು. ನಮ್ಮಲ್ಲಿ ನಿಷೇಧ ಇರಲಿಲ್ಲ, ಮರೆವು ಇತ್ತು. 1980ರಲ್ಲಿ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್ ನಡೆದದ್ದು ಕೋಯಿಕ್ಕೋಡಿನಲ್ಲಿ, ಭಾರತ ಅಲ್ಲಿ ರನ್ನರ್ ಅಪ್. ಆದರೆ ರಾಷ್ಟ್ರಮಟ್ಟದ ಮಹಿಳಾ ಲೀಗ್ ಶುರುವಾಗಲು 2016-17ರ ಸೀಸನ್ ಬರಬೇಕಾಯಿತು. ಮೂವತ್ತಾರು ವರ್ಷ ನೀರು ಹಾಯಿಸದೆ, ಗಿಡ ಫಲ ಕೊಡುತ್ತಿಲ್ಲ ಎಂದು ದೂರುವುದು ಯಾವ ನ್ಯಾಯ?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ಒಪ್ಪಂದ. ವುಮೆನ್ಸ್ ಲೀಗ್‌ನ ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡಬೇಕು ಎಂದು ಫೆಡರೇಷನ್ 2023ರಲ್ಲಿ ತೀರ್ಮಾನಿಸಿತು. ತಿಂಗಳಿಗೆ 27 ಸಾವಿರಕ್ಕೂ ಕಡಿಮೆ. ದೊಡ್ಡ ಮೊತ್ತವಲ್ಲ, ಆದರೆ ಹುಡುಗಿ ಮನೆಯಲ್ಲಿ ‘ಇದೂ ಒಂದು ನೌಕರಿ’ ಎಂದು ಹೇಳಲು ಅಷ್ಟಾದರೂ ಬೇಕು. ಬ್ಲಾಸ್ಟರ್ಸ್ ಕಟ್ಟಬೇಕಾದ 4 ಕೋಟಿಯಲ್ಲಿ ಈ ದರದಲ್ಲಿ 125 ಆಟಗಾರ್ತಿಯರಿಗೆ ಒಂದು ವರ್ಷದ ಸಂಬಳ ಕೊಡಬಹುದಿತ್ತು. ಖರ್ಚಿನ ಗಾತ್ರ ಯಾವ ಕಡೆ ದೊಡ್ಡದು ಎಂದು ತಿಳಿಯಲು ಇಷ್ಟು ಗಣಿತ ಸಾಕು.

ಎರಡನೆಯದು ಪ್ರತ್ಯೇಕ ಖಾತೆ. ಮಹಿಳಾ ತಂಡದ ಬಜೆಟ್ ಅನ್ನು ಸೀಸನ್ ಶುರುವಾಗುವ ಮೊದಲೇ ಬೇರೆ ತೆಗೆದಿಡಬೇಕು, ಗಂಡಸರ ತಂಡದ ದಂಡ, ನಷ್ಟ ಯಾವುದಕ್ಕೂ ಅದನ್ನು ಮುಟ್ಟಬಾರದು ಎಂಬುದು ಕ್ಲಬ್ ಪರವಾನಗಿಯ ಷರತ್ತಾಗಬೇಕು. ದಂಡ ಹಾಕುವ ಫೆಡರೇಷನ್‌ಗೆ, ಆ ದಂಡ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ನೋಡುವ ಹೊಣೆಯೂ ಇದೆ. 4 ಕೋಟಿ ಸರಿಯೋ ತಪ್ಪೋ ಎಂಬ ವಾದ ಬೇರೆ. ಅದನ್ನು ಕ್ಲಬ್ ಎಲ್ಲಿಂದ ತೆಗೆಯಬಾರದು ಎಂದು ಆದೇಶದಲ್ಲಿ ಒಂದು ಸಾಲು ಬರೆಯಬಹುದಿತ್ತು.

ಮೂರನೆಯದು ಮನೆಯ ಹತ್ತಿರದ ಆಟ. ತಿರುವನಂತಪುರದ ದಕ್ಷಿಣಕ್ಕಿರುವ ವಿಳಿಂಜಂ ಮೀನುಗಾರರ ಊರು. ಅಲ್ಲಿಂದ ಪೊಳಿಯೂರಿನವರೆಗಿನ ಕಡಲತೀರದಲ್ಲಿ ಫುಟ್‌ಬಾಲ್ ಹೊಸದಲ್ಲ, ಪೊಳಿಯೂರು ಸಂತೋಷ್ ಟ್ರೋಫಿಗೆ ಆಟಗಾರರನ್ನು ಕೊಟ್ಟ ಊರೆಂದೇ ಹೆಸರಾಗಿದೆ. ಆ ಆಟಗಾರರೆಲ್ಲ ಗಂಡಸರು. ವಿಳಿಂಜಂನಲ್ಲಿ ಈಗ ಅಂತರರಾಷ್ಟ್ರೀಯ ಬಂದರಿದೆ, ದೊಡ್ಡ ಕಂಟೇನರ್ ಹಡಗುಗಳು ಬರುತ್ತಿವೆ. ಅಲ್ಲಿನ ಮೀನುಗಾರರ ಮನೆಯ ಹುಡುಗಿಯೊಬ್ಬಳು ಆಟವನ್ನೇ ಬದುಕು ಮಾಡಿಕೊಳ್ಳಬೇಕೆಂದರೆ ಅವಳ ರಾಜ್ಯದ ಚಾಂಪಿಯನ್ ಕ್ಲಬ್ ಇರುವುದು ಸುಮಾರು 400 ಕಿಲೋಮೀಟರ್ ದೂರದ ಕೋಯಿಕ್ಕೋಡಿನಲ್ಲಿ. ಅರ್ಧ ದಾರಿಯಲ್ಲಿ ಕೊಚ್ಚಿಯಲ್ಲೊಂದು ಬಾಗಿಲು ತೆರೆದಿತ್ತು, ಅದು ಮುಚ್ಚಿತು. 2024ರಲ್ಲಿ ಸೂಪರ್ ಲೀಗ್ ಕೇರಳ ಶುರುವಾದಾಗ ತಿರುವನಂತಪುರಕ್ಕೂ ಕೊಂಬನ್ಸ್ ಎಂಬ ತಂಡ ಸಿಕ್ಕಿತು. ಅದೂ ಗಂಡಸರದೇ.

ಹತ್ತಿರದಲ್ಲಿ ಯಾರಾದರೂ ಕಲಿಸುವವರಿದ್ದರೆ ಏನಾಗುತ್ತದೆ ಎಂಬುದು ಕೇರಳಕ್ಕೆ ಗೊತ್ತು. ಕೋಯಿಕ್ಕೋಡಿನ ನಡಕ್ಕಾವು ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಫೌಸಿಯಾ ಮಾಂಬಟ್ಟ ವರ್ಷಗಟ್ಟಲೆ ಹುಡುಗಿಯರಿಗೆ ಫುಟ್‌ಬಾಲ್ ಕಲಿಸಿದರು. 2021ರಲ್ಲಿ ಅವರು ತೀರಿಕೊಂಡಾಗ ಕೇರಳದ ಮಹಿಳಾ ಫುಟ್‌ಬಾಲ್ ತನ್ನ ಗುರುವನ್ನೇ ಕಳೆದುಕೊಂಡಿತು. ಇನ್ನು ನಮ್ಮ ಗಡಿಗೆ ತಾಗಿದ ಕಾಸರಗೋಡು ಜಿಲ್ಲೆಯ ಬಂಗಳಂ ಎಂಬ ಹಳ್ಳಿಯ ಪಿ. ಮಾಳವಿಕಾ 2025ರಲ್ಲಿ ಭಾರತ ತಂಡಕ್ಕೆ ಆಡಿದರು. ಥಾಯ್ಲೆಂಡಿನಲ್ಲಿ ನಡೆದ ಆ ಅರ್ಹತಾ ಸುತ್ತಿನಲ್ಲಿ ಭಾರತ ಆತಿಥೇಯರನ್ನೇ 2-1ರಿಂದ ಸೋಲಿಸಿ ಏಷ್ಯಾ ಕಪ್‌ಗೆ ಟಿಕೆಟ್ ಪಡೆಯಿತು. ಮಾಳವಿಕಾ ಕ್ಲಬ್ ಆಟ ಆಡುತ್ತಿದ್ದದ್ದು ತಮಿಳುನಾಡಿನ ಸೇತು ಎಫ್‌ಸಿಗೆ. ಗಂಡಸರ ಯಾವ ದೊಡ್ಡ ತಂಡದ ಬಾಲವೂ ಅಲ್ಲದ ಕ್ಲಬ್ ಅದು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕೂಡ ದೊಡ್ಡ ಲೀಗ್‌ನ ಹಣವಿಲ್ಲದೆ ಫೈನಲ್ ತಲುಪಿತು. ಮಹಿಳಾ ಫುಟ್‌ಬಾಲ್ ಅನ್ನು ಈವರೆಗೆ ಹೊತ್ತವರಲ್ಲಿ ಇಂಥ ಸಣ್ಣ ಕ್ಲಬ್‌ಗಳು, ಸರ್ಕಾರಿ ಶಾಲೆಯ ಕೋಚ್‌ಗಳು ಬಹಳ. ಹಣ ಕೊಡುವಾಗ ಮೊದಲು ನೆನಪಾಗಬೇಕಾದವರೂ ಅವರೇ.

ಬೆಂಗಳೂರು ಮತ್ತು ಬ್ಲಾಸ್ಟರ್ಸ್ ಅಭಿಮಾನಿಗಳು ಛೇತ್ರಿಯ ಆ ಗೋಲು ನ್ಯಾಯವೋ ಅನ್ಯಾಯವೋ ಎಂದು ಇನ್ನೂ ಕಿತ್ತಾಡುತ್ತಾರೆ. ಕಿತ್ತಾಡಲಿ, ಫುಟ್‌ಬಾಲ್‌ನ ಸುಖಗಳಲ್ಲಿ ಅದೂ ಒಂದು. ಆದರೆ ಆ ವಾದದಲ್ಲಿ ಗೆದ್ದವರೂ ಸೋತವರೂ ಒಪ್ಪಬಹುದಾದ ಒಂದು ಸಂಗತಿ ಇದೆ. ಆ ರಾತ್ರಿ ಕಂಠೀರವದಲ್ಲಿ ಇಲ್ಲದವರು ಅದರ ಬೆಲೆ ತೆರಬಾರದಿತ್ತು. ಮುಂದಿನ ಸಲ ಯಾವುದಾದರೂ ಕ್ಲಬ್ ಮಹಿಳಾ ತಂಡ ಕಟ್ಟಿದ್ದೇವೆ ಎಂದು ಜೆರ್ಸಿ ತೋರಿಸಿದಾಗ ಚಪ್ಪಾಳೆ ತಟ್ಟೋಣ, ಜೊತೆಗೇ ಕೇಳೋಣ: ಒಪ್ಪಂದ ಎಷ್ಟು ವರ್ಷದ್ದು?