ಸೈಕಲ್ಲಿಗೂ ಒಂದು ಅಳತೆಯುಂಟು

ಸಮವಸ್ತ್ರ ಹೊಲಿಸುವಾಗ ದರ್ಜಿಯು ಭುಜ, ಎದೆ, ತೋಳುಗಳನ್ನು ಅಳೆಯುತ್ತಾನೆ. ಚಪ್ಪಲಿ ಕೊಳ್ಳುವಾಗ ತಾಯಿ ಮಗುವನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾಳೆ. ಇವೆರಡಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆ ತೆತ್ತು ತರುವ ಸೈಕಲ್ಲಿಗೆ ಮಾತ್ರ ಅಳತೆಯ ಪ್ರಶ್ನೆಯೇ ಏಳುವುದಿಲ್ಲ. ಬಣ್ಣ ಒಪ್ಪಿಗೆಯಾಯಿತು, ಬೆಲೆ ಕುದುರಿತು, "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ" ಎಂಬ ತಂದೆಯ ಮಾತಿನೊಂದಿಗೆ ವ್ಯಾಪಾರ ಮುಗಿಯಿತು. ಆರು ತಿಂಗಳ ಬಳಿಕ ಅದೇ ಸೈಕಲ್ ಹಿತ್ತಿಲ ಗೋಡೆಗೆ ಒರಗಿ ಧೂಳು ಹಿಡಿದಿದ್ದರೆ ಮನೆಯವರು ಮಗುವಿನ ಸೋಮಾರಿತನವನ್ನು ದೂರುತ್ತಾರೆ. ಮಂಡಿನೋವು, ಅಂಗೈ ಜೋಮು, ಕುಳಿತ ಜಾಗದಲ್ಲಿ ಉರಿ ಇವುಗಳನ್ನು, ಅದರಲ್ಲಿಯೂ ಕೊನೆಯದನ್ನು, ಹೆಣ್ಣುಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ತುಳಿಯುವುದನ್ನು ಬಿಟ್ಟುಬಿಡುತ್ತಾರೆ, ಅಷ್ಟೇ.

ವಿಚಿತ್ರವೆಂದರೆ, ಹತ್ತೊಂಬತ್ತನೆಯ ಶತಮಾನದ ಎತ್ತರದ ಮುಂಚಕ್ರದ ಸೈಕಲ್ಲುಗಳ ಕಾಲದಲ್ಲಿ ಅಳತೆಯನ್ನು ಯಾರೂ ಮರೆಯುವಂತಿರಲಿಲ್ಲ. ಪೆಡಲನ್ನು ಚಕ್ರದ ಅಚ್ಚಿಗೇ ಜೋಡಿಸುತ್ತಿದ್ದುದರಿಂದ, ಸವಾರನ ಕಾಲು ಎಷ್ಟು ಉದ್ದವೋ ಅದಕ್ಕೆ ತಕ್ಕಷ್ಟೇ ದೊಡ್ಡ ಚಕ್ರ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಸರಪಳಿಯಿಂದ ಹಿಂಚಕ್ರ ತಿರುಗುವ 'ರೋವರ್' ಸೈಕಲ್ಲನ್ನು ತಂದ ಮೇಲೆ ಆ ಕಟ್ಟು ಸಡಿಲಿತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರಿಗೆ ಪೇಟೆಂಟ್ ಪಡೆದನು. ಗಟ್ಟಿ ಟಯರಿನ ಮೂರು ಚಕ್ರದ ಗಾಡಿಯಲ್ಲಿ ಕುಲುಕಾಡುತ್ತಿದ್ದ ಅವನ ಮಗನೇ ಅದಕ್ಕೆ ಪ್ರೇರಣೆ. (ರಾಬರ್ಟ್ ಥಾಮ್ಸನ್ ಎಂಬಾತ 1840ರ ದಶಕದಲ್ಲಿಯೇ ಇಂಥದೇ ಟಯರಿಗೆ ಪೇಟೆಂಟ್ ಪಡೆದಿದ್ದ ಕಾರಣ ಡನ್‌ಲಪ್‌ನ ಪೇಟೆಂಟ್ ಮುಂದೆ ಅಸಿಂಧುವಾಯಿತು, ಹೆಸರು ಮಾತ್ರ ಅವನದೇ ಉಳಿಯಿತು.) ಇಂದು ಸೈಕಲ್ ಸವಾರಿ ಹಿತವಾಗಿರುವುದಕ್ಕೆ ಮಗುವೊಂದರ ಸಂಕಟವನ್ನು ತಂದೆಯೊಬ್ಬ ಗಮನಿಸಿದ್ದೂ ಒಂದು ಕಾರಣವೆಂಬುದು ಸಣ್ಣ ಸಂಗತಿಯಲ್ಲ.

ಅಂಗಡಿಯಲ್ಲಿ ಹೇಳುವ 24, 26 ಎಂಬ ಸಂಖ್ಯೆಗಳು ಚಕ್ರದ ವ್ಯಾಸದ ಅಂಗುಲಗಳೇ ಹೊರತು ಸವಾರನ ಅಳತೆಯಲ್ಲ. ಒಂದೇ ಚಕ್ರದ ಸೈಕಲ್ಲುಗಳು ಬೇರೆ ಬೇರೆ ಎತ್ತರದ ಫ್ರೇಮುಗಳಲ್ಲಿ ಬರುತ್ತವೆ. ಮೇಲಡ್ಡ ಕಂಬಿಯಿರುವ ಸೈಕಲ್ಲಾದರೆ, ಅದರ ಎರಡು ಬದಿಗೆ ಕಾಲೂರಿ ನಿಂತಾಗ ಕಂಬಿಗೂ ದೇಹಕ್ಕೂ ನಡುವೆ ಒಂದೆರಡು ಅಂಗುಲ ತೆರಪು ಇರಬೇಕು. ತಗ್ಗಿದ ಕಂಬಿಯ, ಲಂಗ ಸೀರೆಗಳಿಗೆ ಅನುಕೂಲವಾದ ಸೈಕಲ್ಲಿನಲ್ಲಿ ಈ ಪರೀಕ್ಷೆ ನಡೆಯದು. ಅಲ್ಲಿ ಸೀಟನ್ನು ಎಷ್ಟು ಇಳಿಸಬಹುದು, ಹ್ಯಾಂಡಲ್ಲಿಗೆ ಕೈ ಸಲೀಸಾಗಿ ಎಟಕುವುದೇ ಎಂಬುದನ್ನು ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ತಪ್ಪು ನಡೆಯುವುದು ಸೀಟಿನ ಎತ್ತರದಲ್ಲಿ. ಕುಳಿತಲ್ಲಿಂದಲೇ ಎರಡೂ ಪಾದಗಳು ಪೂರ್ತಿ ನೆಲ ಮುಟ್ಟಬೇಕೆಂಬುದು ಹಲವರ ನಂಬಿಕೆ. ಕಲಿಯುವ ಮೊದಲ ದಿನಗಳಿಗೆ ಅದು ಸರಿ. ಆದರೆ ಸಾಮಾನ್ಯ ಸೈಕಲ್ಲಿನಲ್ಲಿ ಸೀಟು ಅಷ್ಟು ಕೆಳಗಿದ್ದರೆ ಪ್ರತಿ ತುಳಿತದಲ್ಲಿಯೂ ಮಂಡಿ ಅತಿಯಾಗಿ ಮಡಚಿ, ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಸರಿಯಾದ ಎತ್ತರ ತಿಳಿಯಲು ಒಬ್ಬರು ಸೈಕಲ್ಲನ್ನು ಹಿಡಿದು ನಿಂತರೆ ಸಾಕು. ಸವಾರ ಸೀಟಿನಲ್ಲಿ ಕುಳಿತು, ಪೂರ್ತಿ ಕೆಳಗೆ ಬಂದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿದರೆ ಮಂಡಿ 25ರಿಂದ 35 ಡಿಗ್ರಿಯಷ್ಟು ಬಾಗಿರುತ್ತದೆ. ಲೆಕ್ಕ ಬೇಕೆನ್ನುವವರು ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ದಪ್ಪ ಪುಸ್ತಕವೊಂದರ ಬೆನ್ನನ್ನು ತೊಡೆಸಂದಿಗೆ ತಾಗಿಸಿ, ನೆಲದಿಂದ ಅಲ್ಲಿಯವರೆಗೆ ಅಳೆದು, ಅದನ್ನು 0.883ರಿಂದ ಗುಣಿಸಬಹುದು. 70 ಸೆಂಟಿಮೀಟರ್ ಬಂದರೆ, ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 62 ಸೆಂಟಿಮೀಟರ್. ಇದು ಪಂದ್ಯದ ಸವಾರರ ಸೂತ್ರ. ಸಂಜೆಯ ಹೊತ್ತು ಕೆರೆ ಏರಿಯವರೆಗೆ ಹೋಗಿ ಬರುವವರು ಒಂದೆರಡು ಸೆಂಟಿಮೀಟರ್ ತಗ್ಗಿಸಿಕೊಂಡರೆ ಬಾಧಕವಿಲ್ಲ. ಸಾಮಾನ್ಯವಾಗಿ ಮಂಡಿಯ ಮುಂದೆ ನೋವಾದರೆ ಸೀಟು ತಗ್ಗಾಗಿದೆ. ಹಿಂದೆ ನೋವಾದರೆ, ಅಥವಾ ತುಳಿಯುವಾಗ ಸೊಂಟ ಎಡಬಲಕ್ಕೆ ತೂಗಿದರೆ, ಎತ್ತರವಾಗಿದೆ.

ಬೀಳುವ ಭಯವಿರುವ ನಡುವಯಸ್ಸಿನವರಿಗೆ ಪಾದವೂ ನೆಲ ಮುಟ್ಟಬೇಕು, ಮಂಡಿಯೂ ಉಳಿಯಬೇಕು. ಅಮೆರಿಕದ ಎಲೆಕ್ಟ್ರಾ ಕಂಪನಿಯ 'ಟೌನಿ' ಸೈಕಲ್ ಇದಕ್ಕೆ ಒಂದು ಜಾಣ ಉತ್ತರ. ಅದರಲ್ಲಿ ಪೆಡಲುಗಳನ್ನು ಸೀಟಿನ ನೇರ ಕೆಳಗಿಡದೆ ಸಾಕಷ್ಟು ಮುಂದಕ್ಕೆ ತಳ್ಳಿದ್ದಾರೆ. ಕಾಲು ಮುಂದಕ್ಕೆ ಚಾಚಿಕೊಳ್ಳುವುದರಿಂದ ಸೀಟು ತಗ್ಗಿದ್ದರೂ ಮಂಡಿ ಮಡಚಿಕೊಳ್ಳದು. ಸಮತಟ್ಟು ರಸ್ತೆಯಲ್ಲಿ ಇದು ಸುಖ. ಏರು ದಾರಿಯಲ್ಲಿ ಎದ್ದುನಿಂತು ತುಳಿಯುವುದು ಮಾತ್ರ ಕಷ್ಟ.

ಆರಾಮದ ಸೈಕಲ್ಲಿನಲ್ಲಿ ಹ್ಯಾಂಡಲ್ ಸೀಟಿಗಿಂತ ಎತ್ತರದಲ್ಲಿದ್ದು, ಹಿಂದಕ್ಕೆ ಬಾಗಿರುತ್ತದೆ. ಬೆನ್ನು ನೆಟ್ಟಗಾಗಿ ಕೈಯ ಮೇಲಿನ ಭಾರ ಇಳಿಯುತ್ತದೆ. ಆದರೆ ಇಳಿದ ಭಾರ ಮಾಯವಾಗದು, ಸೀಟಿನ ಮೇಲೆ ಬೀಳುತ್ತದೆ. ಆದ್ದರಿಂದಲೇ ಅಲ್ಲಿ ಸೀಟು ಅಗಲವಾಗಿರಬೇಕು. ಎಷ್ಟು ಅಗಲ? ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆಯ ತುಂಡನ್ನಿಟ್ಟು ಕುಳಿತೆದ್ದರೆ ಕುಳಿತುಕೊಳ್ಳುವ ಮೂಳೆಗಳ ಎರಡು ಗುಳಿಗಳು ಮೂಡುತ್ತವೆ. ಸೀಟಿನ ಹಿಂಭಾಗ ಆ ಎರಡನ್ನೂ ಹೊರುವಷ್ಟು ಅಗಲವಿರಬೇಕು. ಮೆತ್ತೆ ಹೆಚ್ಚಿದಷ್ಟೂ ಸುಖವೆಂಬುದು ಭ್ರಮೆ. ತೀರ ಮೆತ್ತಗಿದ್ದರೆ ಮೂಳೆಗಳು ಅದರಲ್ಲಿ ಹೂತು, ನಡುವಿನ ಕೋಮಲ ಭಾಗ ಒತ್ತಿಕೊಳ್ಳುತ್ತದೆ. ಇನ್ನು ಅಗ್ಗದ ಸೈಕಲ್ಲುಗಳ ಮುಂಚಕ್ರಕ್ಕೆ ಹಾಕುವ ಸ್ಪ್ರಿಂಗ್ ಕವಲು ಅಂದಕ್ಕಾಯಿತು, ತೂಕಕ್ಕಾಯಿತು. ಅದೇ ಹಣಕ್ಕೆ ಅಗಲ ಟಯರು ಸಿಕ್ಕಿದರೆ, ಅದರ ಬದಿಯಲ್ಲಿ ಅಚ್ಚಾದ ಮಿತಿಯೊಳಗೆ ಗಾಳಿ ತುಂಬಿಸಿದರೆ, ಗುಂಡಿಯ ಪೆಟ್ಟನ್ನು ಅದೇ ನುಂಗುತ್ತದೆ.

ತಮಿಳುನಾಡಿನಲ್ಲಿ ಸರಕಾರಿ ಮತ್ತು ಅನುದಾನಿತ ಶಾಲೆಗಳ 11ನೇ ತರಗತಿಯ ಮಕ್ಕಳಿಗೆ ಸರಕಾರವೇ ಸೈಕಲ್ ಕೊಡುತ್ತದೆ. ತಾಳವಾಡಿ, ಹೊಸೂರುಗಳ ಮನೆಗಳಿಗೆ ಇದು ಹೊಸ ವಿಷಯವಲ್ಲ. ಬಂದ ಸೈಕಲ್ಲನ್ನು ಆರಿಸಿಕೊಳ್ಳುವಂತಿಲ್ಲವಾದರೂ ಒಂದು ಸ್ಪ್ಯಾನರ್ ಹಿಡಿದು ಹತ್ತು ನಿಮಿಷ ಕುಳಿತರೆ ಹೊಂದಿಸಿಕೊಳ್ಳಬಹುದು. ಹಣ ಕೊಟ್ಟು ತರುವವರು ಮಾತ್ರ ಅಂಗಡಿಯಲ್ಲಿಯೇ ಎಚ್ಚರ ವಹಿಸುವುದು ಲೇಸು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 'ದೋಷ'ವೆಂದು ಹೇಳುವುದು ಸರಕಿನ ಗುಣಮಟ್ಟ, ಪ್ರಮಾಣ ಮುಂತಾದವುಗಳ ಕೊರತೆಯನ್ನು. ಬೆಸುಗೆ ಬಿಟ್ಟ ಫ್ರೇಮು ಅದರಲ್ಲಿ ಬರುತ್ತದೆ. ತಂದೆ ತಾನೇ ಆರಿಸಿದ, ಮಗಳ ಕಾಲಿಗೆ ಎಟಕದ ಒಳ್ಳೆಯ ಸೈಕಲ್ಲನ್ನು ದೋಷವೆಂದು ವಾದಿಸಿ ಗೆಲ್ಲುವುದು ಕಷ್ಟ.

ಸೀಟಿನ ಕಂಬವನ್ನು ಮೇಲೆತ್ತುವಾಗ ಅದರ ಮೇಲೆ ಕೊರೆದಿರುವ ಗೆರೆಯನ್ನು ನೋಡಬೇಕು. ಆ ಗೆರೆ ಫ್ರೇಮಿನ ಹೊರಗೆ ಕಾಣಿಸಿದರೆ ಕಂಬ ಮುರಿಯುವ ಅಪಾಯವುಂಟು. ಅಲ್ಲಿಗೆ ಆ ಸೈಕಲ್ ಮಗುವಿಗೆ ಚಿಕ್ಕದಾಯಿತೆಂದೇ ಅರ್ಥ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ಒಮ್ಮೆ, ಅರ್ಧ ವರ್ಷದ ಪರೀಕ್ಷೆ ಮುಗಿದಾಗ ಇನ್ನೊಮ್ಮೆ ಹಿಮ್ಮಡಿಯ ಪರೀಕ್ಷೆ ಮಾಡಿದರೆ ಬೆಳೆಯುವ ಕಾಲಿಗೆ ಸಾಕು. ತಾಯಿ ಮಗಳು ಒಂದೇ ಸೈಕಲ್ ತುಳಿಯುವ ಮನೆಗಳಲ್ಲಿ ಕಂಬಕ್ಕೆ ಎರಡು ಬಣ್ಣದ ಟೇಪು ಸುತ್ತಿಟ್ಟರೆ ಪ್ರತಿ ಸಲ ಅಳೆಯುವ ಗೋಜಿಲ್ಲ. ಕೆಂಪು ಅಮ್ಮನದು, ಹಳದಿ ಮಗಳದು. ವರ್ಷಕ್ಕೊಮ್ಮೆ ಹಳದಿಯನ್ನಷ್ಟೇ ಬಿಚ್ಚಿ ಸುತ್ತಬೇಕಾಗುತ್ತದೆ.